ಮಾಹಿತಿ ತಗೊಂಡು ಹೋದ್ರಿ, ಉತ್ತರ ಯಾವಾಗ ತರ್ತೀರಿ?

ಮಾನ್ಯ ಸಂಪಾದಕರೇ,

ವಿಶ್ವವಿದ್ಯಾಲಯದಲ್ಲಿ ನಡೆಯೋ ಸಂಶೋಧನೆ ಜನರಿಗೆ ತಲುಪ್ಬೇಕು ಅಂತ ನಿಮ್ಮ ಪತ್ರಿಕೆಯಲ್ಲಿ ಆಗಾಗ ಲೇಖನಗಳು ಬರ್ತಾನೇ ಇರ್ತವೆ. ಬೇಡ ಅನ್ನೋರು ಯಾರೂ ಇಲ್ಲ. ಕುಲಪತಿಗಳು ಘಟಿಕೋತ್ಸವದಲ್ಲಿ ಹೇಳ್ತಾರೆ, ಮಂತ್ರಿಗಳು ಹೇಳ್ತಾರೆ, ಸೆಮಿನಾರ್ ಉದ್ಘಾಟನೆಗೆ ಬಂದ ಅತಿಥಿಗಳೂ ಹೇಳಿ ಚಪ್ಪಾಳೆ ತಗೊಂಡು ಹೋಗ್ತಾರೆ. ಆದ್ರೆ ತಲುಪಿಸೋರು ಯಾರು ಅಂತ ಮಾತ್ರ ಯಾರೂ ಕೇಳಲ್ಲ. ಅದು ಯಾರ ಸಂಬಳದ ಕೆಲಸ, ಅದಕ್ಕೆ ದುಡ್ಡು ಪ್ರಾಜೆಕ್ಟಿನ ಯಾವ ಬಾಬ್ತಿನಲ್ಲಿ ಇಟ್ಟಿದ್ದಾರೆ, ಮಾಡ್ಲಿಲ್ಲ ಅಂದ್ರೆ ಯಾರನ್ನ ಹಿಡ್ಕೊಂಡು ಕೇಳೋದು? ಇದು ಇತ್ಯರ್ಥ ಆಗದೇ ಇರೋವರೆಗೂ ಈ ಮಾತೆಲ್ಲ ಭಾಷಣಕ್ಕೆ ಮಾತ್ರ ಅನ್ನೋದು ನನ್ನ ಅನಿಸಿಕೆ, ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಿದೆ, ಕತ್ತರಿಸೋದಾದ್ರೆ ಭಾಷಣದ ವಿಷಯ ಕತ್ತರಿಸಿ, ಉಳಿದಿದ್ದು ಹಾಗೇ ಇರ್ಲಿ.

ನಾನು ಪ್ರೊಫೆಸರ್ ಅಲ್ಲ. ಸಂಶೋಧನಾ ಪ್ರಾಜೆಕ್ಟುಗಳಿಗೆ ಮನೆಮನೆಗೆ ಹೋಗಿ ಪ್ರಶ್ನಾವಳಿ ತುಂಬಿಸ್ಕೊಂಡು ಬರೋ ಫೀಲ್ಡ್ ಕೆಲಸ ಮಾಡ್ದೋನು. ಒಪ್ಪಿಗೆ ಪತ್ರ ಅಂತ ಒಂದಿರುತ್ತೆ, ಪ್ರಶ್ನೆ ಶುರು ಮಾಡೋ ಮುಂಚೆ ಅದನ್ನ ಗಟ್ಟಿಯಾಗಿ ಓದಿ ಹೇಳಿ ಸಹಿನೋ ಹೆಬ್ಬೆಟ್ಟೋ ಹಾಕಿಸ್ಕೊಬೇಕು. ಅದರ ಕೊನೇಲಿ ಸಾಮಾನ್ಯವಾಗಿ ಎರಡು ಸಾಲು ಇರ್ತವೆ, ಒಂದು, ಅಧ್ಯಯನದ ಫಲಿತಾಂಶವನ್ನು ತಮ್ಮೊಂದಿಗೆ ಹಂಚಿಕೊಳ್ಳಲಾಗುವುದು ಅಂತ, ಇನ್ನೊಂದು, ಏನಾದ್ರೂ ಕೇಳೋದಿದ್ರೆ ಈ ನಂಬರಿಗೆ ಫೋನ್ ಮಾಡಿ ಅಂತ. ಆ ನಂಬರ್ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿರೋ ಯಾವುದೋ ಹುಡುಗಂದೋ ಹುಡುಗೀದೋ ಆಗಿರುತ್ತೆ, ಗ್ರ್ಯಾಂಟ್ ಮುಗಿದ ದಿನವೇ ಅವರ ಕೆಲಸನೂ ಮುಗಿಯುತ್ತೆ, ಆಮೇಲೆ ಫೋನ್ ಮಾಡಿದ್ರೆ ಪಾಪ ಅವರಾದ್ರೂ ಏನ್ ಹೇಳ್ತಾರೆ. ಬೇರೆ ಪ್ರಾಜೆಕ್ಟಿಗೆ ಅದೇ ಮನೆಗೆ ಹೋದಾಗ "ಹೋದ ಸಲ ಬಂದೋರು ರಕ್ತ ತಗೊಂಡು ಹೋದ್ರಲ್ಲ, ಅದೇನಾಯ್ತಣ್ಣ?" ಅಂತ ಕೇಳ್ತಾರೆ. ಗೊತ್ತಿಲ್ಲಮ್ಮ ಅಂದು ಮೊದಲನೇ ಪ್ರಶ್ನೆಗೆ ಹೋಗ್ತೀವಿ. ಅಷ್ಟು ಹೊತ್ತಿಗೆ ಆ ರಕ್ತ ಯಾವುದೋ ಜರ್ನಲ್ಲಲ್ಲಿ ಟೇಬಲ್ ನಂಬರ್ ನಾಲ್ಕು ಆಗಿರುತ್ತೆ.

ಈಗ ಎಲ್ಲಾ ಓಪನ್ ಆಕ್ಸೆಸ್ ಅಲ್ವಾ, ಯಾರು ಬೇಕಾದ್ರೂ ಓದ್ಬಹುದಲ್ಲ ಅಂತಾರೆ. 2002ರಲ್ಲಿ ಬುಡಾಪೆಸ್ಟ್‌ನಲ್ಲಿ ನಡೆದ ಸಭೆಯ ಘೋಷಣೆ ಹೊರಬಿದ್ದಾಗಿಂದ, ಸಂಶೋಧನಾ ಲೇಖನ ಎಲ್ಲರಿಗೂ ಪುಕ್ಕಟೆ ಸಿಗ್ಬೇಕು ಅನ್ನೋ ಆ ಚಳವಳಿ ದೊಡ್ಡದಾಗಿ ಬೆಳೆದಿದೆ, ಒಳ್ಳೇದೇ, ಜನರ ತೆರಿಗೆ ದುಡ್ಡಲ್ಲಿ ಆದ ಕೆಲಸವನ್ನ ಜನ ಮತ್ತೆ ದುಡ್ಡು ಕೊಟ್ಟು ಓದೋದು ಅನ್ಯಾಯ ಅನ್ನೋದರಲ್ಲಿ ನನಗೆ ಎರಡು ಮಾತಿಲ್ಲ. ಆದ್ರೆ ರಕ್ತ ಕೊಟ್ಟ ಆ ಹೆಂಗಸು ಪಿಡಿಎಫ್ ಡೌನ್‌ಲೋಡ್ ಮಾಡಿ ಪಿ ವ್ಯಾಲ್ಯೂ ಅನ್ನೋ ಅಂಕಿಅಂಶದ ಲೆಕ್ಕ ನೋಡ್ತಾರಾ? ಬೇರೆ ಸಂಶೋಧಕರಿಗೆ ಅದರಿಂದ ಅನುಕೂಲ ಆಯ್ತು, ಅಷ್ಟೇ.

ಹೋಗಿ ಹೇಳೋದು ಅಂದ್ರೆ ಹೆಂಗಿರುತ್ತೆ ಅನ್ನೋದಕ್ಕೆ ನನಗೆ ಗೊತ್ತಿರೋ ದೊಡ್ಡ ಉದಾಹರಣೆ ಓಆರ್‌ಎಸ್‌ದು. ಭೇದಿ ಆದವರಿಗೆ ಉಪ್ಪು ಸಕ್ಕರೆ ಸೇರಿಸಿದ ನೀರು ಕುಡಿಸಿದ್ರೆ ಸಾಕು, ಸಕ್ಕರೆ ಇದ್ರೆ ಕರುಳು ಉಪ್ಪು ಮತ್ತು ನೀರನ್ನ ಎಳ್ಕೊಳ್ಳುತ್ತೆ ಅನ್ನೋದು 1960ರ ದಶಕದಲ್ಲೇ ಲ್ಯಾಬಲ್ಲಿ ಗೊತ್ತಾಗಿತ್ತು. 1968ರಲ್ಲಿ ಢಾಕಾದ ಕಾಲರಾ ಸಂಶೋಧನಾ ಕೇಂದ್ರದಲ್ಲಿ ರೋಗಿಗಳ ಮೇಲೆ ಪರೀಕ್ಷೆನೂ ಆಯ್ತು. ಆದ್ರೂ ವೈದ್ಯರು ಡ್ರಿಪ್ಸ್ ಬಿಟ್ಟು ಕದಲಲಿಲ್ಲ, ಕುಡಿಸಿದ್ರೆ ಸಾಕು ಅಂದ್ರೆ ನಂಬೋಕೇ ಕಷ್ಟ ಆಗ್ತಿತ್ತು. 1971ರ ಬಾಂಗ್ಲಾದೇಶ ಯುದ್ಧದ ಟೈಮಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂದಾಗ ಡಾ. ದಿಲೀಪ್ ಮಹಲನೊಬಿಸ್ ಅಲ್ಲಿದ್ರು, ಅವರು ಕೋಲ್ಕತ್ತಾದಲ್ಲಿ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡ್ತಿದ್ರು. ಡ್ರಿಪ್ಸ್ ಸಾಲ್ದಾಯ್ತು, ಹಾಕೋ ಕೈಗಳೂ ಸಾಲ್ದಾಯ್ತು, ಅವರು ಡ್ರಮ್ಮುಗಳಲ್ಲಿ ದ್ರಾವಣ ತುಂಬಿಸಿ ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದ್ರು. ಸುಮಾರು 30 ಪರ್ಸೆಂಟ್ ಇದ್ದ ಸಾವು 3.6ಕ್ಕೆ ಇಳೀತು. 1978ರಲ್ಲಿ ಲ್ಯಾನ್ಸೆಟ್ ಅನ್ನೋ ಹೆಸರಾಂತ ವೈದ್ಯಕೀಯ ಪತ್ರಿಕೆ, ಈ ಶತಮಾನದ ಅತಿ ಮುಖ್ಯ ವೈದ್ಯಕೀಯ ಮುನ್ನಡೆ ಇದೇ ಆಗಿರಬಹುದು ಅಂತ ಬರೀತು.

ಸರಿ, ಲ್ಯಾನ್ಸೆಟ್ ಬರೀತು, ಮಗು ಭೇದಿಯಿಂದ ಒಣಗಿ ಹೋಗ್ತಿರೋ ಮನೆಗೆ ಲ್ಯಾನ್ಸೆಟ್ ಬರುತ್ತಾ? ಬಾಂಗ್ಲಾದೇಶದಲ್ಲಿ 1980ರಿಂದ ಬ್ರ್ಯಾಕ್ ಅನ್ನೋ ಸಂಸ್ಥೆ ಹೆಣ್ಣುಮಕ್ಕಳಿಗೆ ಟ್ರೇನಿಂಗ್ ಕೊಟ್ಟು ಮನೆಮನೆಗೆ ಕಳಿಸ್ತು. ಮೂರು ಬೆರಳಲ್ಲಿ ಎತ್ತಿದಷ್ಟು ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಇವರು ಕಲಸಿ ತೋರಿಸೋದಲ್ಲ, ತಾಯಿ ಕೈಯಲ್ಲೇ ಕಲಸಿಸೋದು. ಇಲ್ಲಿವರೆಗೆ ಯಾರು ಬೇಕಾದ್ರೂ ಯೋಚನೆ ಮಾಡ್ಬಹುದು. ನನಗೆ ಇಷ್ಟ ಆಗೋದು ಮುಂದಿನದು. ಕಲಿಸೋರಿಗೆ ಸಂಬಳ ಎಷ್ಟು ಮನೆಗೆ ಹೋದ್ರು ಅನ್ನೋದರ ಮೇಲೆ ಅಲ್ಲ, ಆಮೇಲೆ ಬೇರೊಬ್ಬರು ಕೆಲವು ಮನೆಗಳಿಗೆ ಹೋಗಿ ತಾಯಂದಿರನ್ನ ಕೇಳ್ತಿದ್ರು, ಏನೇನು ನೆನಪಿದೆ, ಕಲಸಿ ತೋರಿಸಿ ಅಂತ, ತಾಯಿಗೆ ಎಷ್ಟು ಬರುತ್ತೋ ಅದರ ಮೇಲೆ ಕಲಿಸಿದವಳ ದುಡ್ಡು. ಕಲಸಿದ ನೀರಿನ ಸ್ಯಾಂಪಲ್ ಲ್ಯಾಬಿಗೂ ಹೋಗ್ತಿತ್ತು, ಯಾಕಂದ್ರೆ ಉಪ್ಪು ಜಾಸ್ತಿ ಆದ್ರೆ ಮಗುವಿಗೆ ಅಪಾಯ. ಮೊದಮೊದಲು ಜನಕ್ಕೆ ಗೊತ್ತಿದ್ರೂ ಬಳಸ್ತಿರಲಿಲ್ಲ, ಯಾಕೆ ಅಂತ ಹುಡುಕಿದ್ರೆ ಕಲಿಸೋರಲ್ಲೇ ಬಹಳ ಜನಕ್ಕೆ ಅದರ ಮೇಲೆ ನಂಬಿಕೆ ಇರ್ಲಿಲ್ಲ, ಅವರಿಗೇ ಭೇದಿ ಆದ್ರೆ ಮಾತ್ರೆ ತಗೊಳ್ತಿದ್ರು! ಆಮೇಲೆ ಅವರನ್ನೇ ಲ್ಯಾಬಿಗೆ ಕರ್ಕೊಂಡು ಹೋಗಿ ಅದು ಹೇಗೆ ಕೆಲಸ ಮಾಡುತ್ತೆ ಅಂತ ತೋರಿಸಿದ್ರು. ಹತ್ತು ವರ್ಷದಲ್ಲಿ ಒಂದು ಕೋಟಿಗೂ ಜಾಸ್ತಿ ಮನೆ ಮುಟ್ಟಿದ್ರು.

ಎಷ್ಟು ಕಾರ್ಯಕ್ರಮ ಮಾಡಿದ್ವಿ, ಎಷ್ಟು ಕರಪತ್ರ ಹಂಚಿದ್ವಿ, ಎಷ್ಟು ಫೋಟೋ ತೆಗೆದ್ವಿ ಅಂತ ವಾರ್ಷಿಕ ವರದಿಯಲ್ಲಿ ಹಾಕೋರು ಇದನ್ನ ಒಂದ್ಸಲ ಓದ್ಬೇಕು. ಕರಪತ್ರ ಎಣಿಸೋದು ಸುಲಭ, ಕೇಳಿದವರಿಗೆ ಏನು ಉಳೀತು ಅಂತ ನೋಡೋಕೆ ವಾಪಸ್ ಹೋಗ್ಬೇಕಾಗುತ್ತೆ, ಅದಕ್ಕೆ ಯಾರೂ ತಯಾರಿಲ್ಲ.

ಇದೇ ವಿಷಯ ಅಮೆರಿಕದ ಕೃಷಿ ಕಾಲೇಜುಗಳ ಇತಿಹಾಸದಲ್ಲೂ ಇದೆ. 1862ರಲ್ಲಿ ಮೋರಿಲ್ ಕಾಯ್ದೆ ತಂದು ಸರ್ಕಾರಿ ಜಮೀನು ಕೊಟ್ಟು ಕಾಲೇಜು ಕಟ್ಟಿಸಿದ್ರು, 1887ರಲ್ಲಿ ಹ್ಯಾಚ್ ಕಾಯ್ದೆ ತಂದು ಪ್ರಯೋಗ ಕೇಂದ್ರ ಮಾಡಿದ್ರು, ಆದ್ರೂ ಅಲ್ಲಿ ಕಂಡುಕೊಂಡಿದ್ದು ರೈತನ ಹೊಲಕ್ಕೆ ಸಲೀಸಾಗಿ ಹೋಗ್ಲಿಲ್ಲ. 1914ರಲ್ಲಿ ಸ್ಮಿತ್-ಲೀವರ್ ಕಾಯ್ದೆ ಬಂದು ಪ್ರತಿ ಕೌಂಟಿಗೆ, ಅಂದ್ರೆ ನಮ್ಮ ಜಿಲ್ಲೆ ಥರ, ರೈತರಿಗೆ ಹೋಗಿ ಹೇಳೋ ಸಂಬಳದ ಏಜೆಂಟ್ ಇಡೋಕೆ ಕಾಯಂ ದುಡ್ಡು ಸಿಕ್ಕ ಮೇಲೇ ಅದು ವ್ಯವಸ್ಥೆ ಅಂತ ಆಗಿದ್ದು. ಲೆಕ್ಕ ಹಾಕಿ, 52 ವರ್ಷ. ಕೊನೆಗೆ ಬೇಕಾಗಿದ್ದು ಹೊಸ ಕಟ್ಟಡ ಅಲ್ಲ, ಒಂದು ಹುದ್ದೆ. ಜಗತ್ತಿನ ಎಷ್ಟೋ ಕಡೆ ಕೃಷಿ ವಿಶ್ವವಿದ್ಯಾಲಯಗಳಲ್ಲಿ ವಿಸ್ತರಣಾ ವಿಭಾಗ ಅಂತ ಇದೆ, ಆದ್ರೆ ಸಮಾಜಶಾಸ್ತ್ರಕ್ಕೆ, ಸಾರ್ವಜನಿಕ ಆರೋಗ್ಯಕ್ಕೆ, ಎಂಜಿನಿಯರಿಂಗಿಗೆ ಆ ಥರದ್ದು ಯಾಕಿಲ್ಲ? ಜನ ಬರೀ ಬೆಳೆ ಬೆಳೆಯೋದಲ್ಲ, ನೀರು ಕುಡೀತಾರೆ, ಗಾಳಿ ಉಸಿರಾಡ್ತಾರೆ, ಸಾಲ ಮಾಡ್ತಾರೆ.

ಹಾಗಂತ ಈ ಅಮೆರಿಕದ ಕಥೆಯನ್ನ ಪೂರ್ತಿ ಹೊಗಳೋಕೂ ಆಗಲ್ಲ. ಆ ಕಾಲೇಜುಗಳಿಗೆ ಕೊಟ್ಟ ಸರ್ಕಾರಿ ಜಮೀನಿತ್ತಲ್ಲ, ಸುಮಾರು ಒಂದು ಕೋಟಿ ಎಕರೆಗೂ ಜಾಸ್ತಿ, ಅದು ಮೂಲನಿವಾಸಿ ಬುಡಕಟ್ಟುಗಳಿಂದ ಬಂದದ್ದು, ಯಾರ ಯಾರ ಭೂಮಿ ಅಂತ 2020ರಲ್ಲಿ ಹೈ ಕಂಟ್ರಿ ನ್ಯೂಸ್ ಪತ್ರಿಕೆಯವರು ದಾಖಲೆ ಹಿಡಿದು ತೋರಿಸಿದ್ದಾರೆ. ಕೊಟ್ಟಿದ್ದು ಒಬ್ಬರಿಗೆ, ತಗೊಂಡಿದ್ದು ಇನ್ನೊಬ್ಬರಿಂದ. ಜಮೀನಾಯ್ತು, ರಕ್ತದ ವಿಷಯಕ್ಕೆ ಬನ್ನಿ. ಅರಿಜೋನಾದ ಹವಾಸುಪಾಯಿ ಅನ್ನೋ ಸಣ್ಣ ಬುಡಕಟ್ಟಿನ ಜನ 1990ರಿಂದ ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯವರಿಗೆ ರಕ್ತ ಕೊಟ್ರು, ಅವರಲ್ಲಿ ಡಯಾಬಿಟಿಸ್ ವಿಪರೀತ ಇತ್ತು, ಅದಕ್ಕೇನಾದ್ರೂ ದಾರಿ ಸಿಗುತ್ತೆ ಅಂತ. ಅದೇ ರಕ್ತದ ಮೇಲೆ ಸ್ಕಿಜೋಫ್ರೇನಿಯಾ ಅನ್ನೋ ಮಾನಸಿಕ ಕಾಯಿಲೆ, ರಕ್ತಸಂಬಂಧದ ಮದುವೆ, ಅವರ ಪೂರ್ವಜರು ಎಲ್ಲಿಂದ ವಲಸೆ ಬಂದ್ರು ಅಂತೆಲ್ಲಾ ಅಧ್ಯಯನ ನಡೀತು. ಇದು ಅವರಿಗೆ ಗೊತ್ತಾಗಿದ್ದು ಹೇಗೆ ಅಂದ್ರೆ 2003ರಲ್ಲಿ ಆ ಬುಡಕಟ್ಟಿನವರೊಬ್ಬರು ಒಂದು ಪಿಎಚ್‌ಡಿ ವೈವಾಗೆ ಹೋಗಿ ಕೂತಿದ್ರು, ಅಲ್ಲಿ ತಮ್ಮವರ ರಕ್ತದ ಬಗ್ಗೆನೇ ಮಾತು ಬಂತು. ಕೋರ್ಟಿಗೆ ಹೋದ್ರು, 2010ರಲ್ಲಿ ರಾಜಿ ಆಯ್ತು, 7 ಲಕ್ಷ ಡಾಲರ್ ಮತ್ತು ಉಳಿದ ರಕ್ತದ ಸ್ಯಾಂಪಲ್ ವಾಪಸ್.

ಆಫ್ರಿಕಾದ ದಕ್ಷಿಣದಲ್ಲಿರೋ ಸ್ಯಾನ್ ಜನ ಇದನ್ನೆಲ್ಲ ಅನುಭವಿಸಿ ಸಾಕಾಗಿ 2017ರಲ್ಲಿ ಸಂಶೋಧಕರಿಗೆ ಅಂತಾನೇ ತಮ್ಮದೊಂದು ನೀತಿಸಂಹಿತೆ ಹೊರಡಿಸಿದ್ರು. ಅದರಲ್ಲಿ ಗೌರವದ ಬಗ್ಗೆ ಹೇಳುವಾಗ, ಫಲಿತಾಂಶ ಬಂದು ಹೇಳ್ತೀವಿ ಅಂತ ಮಾತು ಕೊಟ್ಟು ಹೇಳದೇ ಹೋಗೋದು ಅಗೌರವ, ಅದು ನಮಗೆ ಪದೇ ಪದೇ ಆಗಿದೆ ಅನ್ನೋ ಅರ್ಥದ ಮಾತಿದೆ. ಒಪ್ಪಿಗೆ ಪತ್ರದ ಕೊನೇ ಸಾಲು ಓದಿ ಓದಿ ಬಾಯಿಪಾಠ ಆಗಿರೋ ನನ್ನಂಥೋರಿಗೆ ಅದು ನೇರವಾಗಿ ತಾಗುತ್ತೆ.

ಜನಕ್ಕೆ ಅರ್ಥ ಆಗಲ್ಲ, ಅರ್ಧಂಬರ್ಧ ಹೇಳಿದ್ರೆ ಗಾಬರಿ ಬೀಳ್ತಾರೆ ಅನ್ನೋದು ಪ್ರೊಫೆಸರ್‌ಗಳು ಕೊಡೋ ದೊಡ್ಡ ಕಾರಣ. ಪೂರ್ತಿ ಸುಳ್ಳು ಅನ್ನಲ್ಲ, ಒಂದು ಸಣ್ಣ ಸ್ಟಡಿ ಇಟ್ಕೊಂಡು ಕ್ಯಾನ್ಸರ್ ಬರುತ್ತೆ ಅಂತ ಊರೆಲ್ಲ ಹೇಳ್ಕೊಂಡು ಬಂದ್ರೆ ಅದು ತಪ್ಪೇ. ಆದ್ರೆ ಫ್ಲಿಂಟ್ ನೋಡಿ. ಅಮೆರಿಕದ ಮಿಷಿಗನ್ ರಾಜ್ಯದ ಆ ಊರಲ್ಲಿ 2014ರ ಏಪ್ರಿಲ್‌ನಲ್ಲಿ ದುಡ್ಡು ಉಳಿಸೋಕೆ ಅಂತ ಕುಡಿಯೋ ನೀರಿನ ಮೂಲ ಬದಲಾಯಿಸಿ ನದಿ ನೀರು ಬಿಟ್ರು, ಪೈಪು ತುಕ್ಕು ಹಿಡೀದಂಗೆ ಹಾಕ್ಬೇಕಾದ ಔಷಧಿ ಹಾಕ್ಲಿಲ್ಲ, ಹಳೇ ಪೈಪಿನ ಸೀಸ ಕರಗಿ ನೀರಿಗೆ ಬಂತು. ಜನ ಬಾಟ್ಲಿಯಲ್ಲಿ ಕಂದು ನೀರು ತುಂಬಿಸ್ಕೊಂಡು ಸಭೆಗೆ ಹೋಗಿ ತೋರಿಸಿದ್ರೂ ಅಧಿಕಾರಿಗಳು ಏನೂ ಆಗಿಲ್ಲ, ಕುಡೀರಿ ಅಂದ್ರು. ಅಲ್ಲಿನ ಒಬ್ಬ ತಾಯಿ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ಮಾರ್ಕ್ ಎಡ್ವರ್ಡ್ಸ್ ಅವರಿಗೆ ತಮ್ಮ ಮನೆ ನೀರು ಕಳಿಸಿದ್ರು, ಒಂದು ಸ್ಯಾಂಪಲ್‌ನಲ್ಲಿ ಸೀಸ 13,000 ಪಿಪಿಬಿಗೂ (ನೂರು ಕೋಟಿ ಭಾಗದಲ್ಲಿ ಎಷ್ಟು ಭಾಗ ಅನ್ನೋ ಲೆಕ್ಕ) ಜಾಸ್ತಿ, ಅಲ್ಲಿನ ಸರ್ಕಾರ ಕ್ರಮ ತಗೋಬೇಕಾದ ಮಟ್ಟ 15 ಅಷ್ಟೇ.

2015ರ ಆಗಸ್ಟಲ್ಲಿ ಆ ತಂಡ 300 ಕಿಟ್ ಕಳಿಸ್ತು. ಒಂದೊಂದರಲ್ಲಿ ಮೂರು ಬಾಟ್ಲಿ. ರಾತ್ರಿಯೆಲ್ಲ ನಲ್ಲಿ ಮುಚ್ಚಿಟ್ಟು ಬೆಳಗ್ಗೆ ತಿರುಗಿಸಿದ ಕೂಡಲೇ ಬರೋ ನೀರು ಒಂದಕ್ಕೆ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದಕ್ಕೆ, ಇನ್ನೂ ಸ್ವಲ್ಪ ಬಿಟ್ಟು ಮೂರನೇದಕ್ಕೆ, ಸೀಸ ಮನೆ ನಲ್ಲಿಯಿಂದ ಬರ್ತಿದ್ಯಾ ರಸ್ತೆ ಪೈಪಿಂದ ಬರ್ತಿದ್ಯಾ ಅಂತ ಗೊತ್ತಾಗೋಕೆ. ಅಕ್ಕಪಕ್ಕದವರು ಒಬ್ಬರಿಗೊಬ್ಬರು ಹೇಳ್ಕೊಟ್ಟು ತುಂಬಿಸಿದ್ರು, 250ಕ್ಕೂ ಜಾಸ್ತಿ ವಾಪಸ್ ಬಂದ್ವು. ಅಂಚೆಯಲ್ಲಿ ಬಂದ ಪ್ರಶ್ನಾವಳಿಗೆ ಇಷ್ಟು ಉತ್ತರ ಬರುತ್ತಾ ಅಂತ ಫೀಲ್ಡ್ ಕೆಲಸ ಮಾಡಿದ ಯಾರನ್ನಾದ್ರೂ ಕೇಳಿ ನೋಡಿ! ಉತ್ತರ ತಮಗೇ ಬೇಕಾಗಿದ್ದಾಗ ಜನ ತಾವೇ ಕೆಲಸ ಮಾಡ್ತಾರೆ. ಫಲಿತಾಂಶ ಬಂದ ಹಾಗೆ ವೆಬ್‌ಸೈಟಿಗೆ ಹಾಕ್ತಾ ಹೋದ್ರು, ಪೇಪರ್ ಆಗ್ಲಿ ಅಂತ ಕಾಯ್ಲಿಲ್ಲ. ಸೆಪ್ಟೆಂಬರಲ್ಲಿ ಮಕ್ಕಳ ವೈದ್ಯೆ ಡಾ. ಮೋನಾ ಹನ್ನಾ-ಅಟೀಶಾ ಮಕ್ಕಳ ರಕ್ತದಲ್ಲಿ ಸೀಸ ಜಾಸ್ತಿ ಆಗಿದೆ ಅನ್ನೋ ಲೆಕ್ಕವನ್ನ ಪತ್ರಿಕಾಗೋಷ್ಠಿ ಕರೆದು ಹೇಳಿದ್ರು, ಅವರ ಪೇಪರ್ ಪ್ರಿಂಟಾಗಿದ್ದು ಆಮೇಲೆ, 2016ರಲ್ಲಿ. ಅಧಿಕಾರಿಗಳು ಮೊದಲು ಅವರನ್ನೇ ಬೈದ್ರು, ಸುಮ್ಮನೆ ಹೆದರಿಸ್ತಿದ್ದಾರೆ ಅಂದ್ರು, ಆದ್ರೆ ಅಕ್ಟೋಬರ್‌ನಲ್ಲಿ ನೀರಿನ ಮೂಲ ಮತ್ತೆ ಬದಲಾಯ್ತು. ಗಾಬರಿ ಬೀಳ್ತಾರೆ ಅಂತ ಜರ್ನಲ್ ರಿವ್ಯೂ ಮುಗಿಯೋವರೆಗೂ ಇವರಿಬ್ಬರೂ ಬಾಯಿ ಮುಚ್ಕೊಂಡಿದ್ರೆ ಮಕ್ಕಳು ಇನ್ನೂ ಎಷ್ಟು ತಿಂಗಳು ಆ ನೀರು ಕುಡೀಬೇಕಿತ್ತು ಹೇಳಿ.

ಅಲ್ಲಿ ಪ್ರಶ್ನೆ ಹುಟ್ಟಿದ್ದೇ ಜನರ ಮನೆಯಲ್ಲಿ, ಅದನ್ನ ಗಮನಿಸಿ. ನೆದರ್ಲೆಂಡ್ಸ್‌ನಲ್ಲಿ 1970ರ ದಶಕದಿಂದ ಇದಕ್ಕೊಂದು ವ್ಯವಸ್ಥೆನೇ ಇದೆ, ಸೈನ್ಸ್ ಶಾಪ್ ಅಂತಾರೆ. ಸಂಶೋಧನೆಗೆ ದುಡ್ಡು ಕೊಡೋಕಾಗದ ಸಂಘ ಸಂಸ್ಥೆ, ನಿವಾಸಿಗಳ ಗುಂಪು, ಕಾರ್ಮಿಕರ ಯೂನಿಯನ್ನು ವಿಶ್ವವಿದ್ಯಾಲಯಕ್ಕೆ ಬಂದು ನಮಗೆ ಇದು ಗೊತ್ತಾಗ್ಬೇಕು ಅಂತ ಕೇಳ್ಬಹುದು, ಹತ್ತಿರದ ಫ್ಯಾಕ್ಟರಿ ಹೊಗೆಯಲ್ಲಿ ಏನಿದೆ ಅಂತಲೋ ಇನ್ನೊಂದೋ. ಕೇಳೋರ ಹತ್ರ ದುಡ್ಡಿರಬಾರದು, ವ್ಯಾಪಾರದ ಉದ್ದೇಶ ಇರಬಾರದು, ಉತ್ತರ ಸಿಕ್ಕಿದ್ರೆ ಬಳಸ್ಕೊಳ್ಳೋ ಸ್ಥಿತಿಯಲ್ಲಿರಬೇಕು, ಅಷ್ಟೇ ಷರತ್ತು. ವಿದ್ಯಾರ್ಥಿಗಳು ಗೈಡ್ ಕೆಳಗೆ ಆ ಕೆಲಸ ಮಾಡ್ತಾರೆ, ಅವರಿಗೆ ಅದು ಕೋರ್ಸಿನ ಭಾಗ, ಮಧ್ಯೆ ಎರಡೂ ಕಡೆ ಮಾತಾಡೋಕೆ ಒಬ್ಬ ಕೋಆರ್ಡಿನೇಟರ್ ಇರ್ತಾರೆ. ಆಮೇಲೆ ಬಜೆಟ್ ಕಡಿತ ಬಂದಾಗ ಕೆಲವು ಮುಚ್ಚಿದ್ವು. ಯಾವಾಗಲೂ ಮೊದಲು ಕತ್ತರಿ ಬೀಳೋದು ಈ ಮಧ್ಯದ ಕುರ್ಚಿಗೇ.

ಪೇಟೆಂಟ್ ವಿಷಯ ಹೇಳದೇ ಇದ್ರೆ ಪತ್ರ ಅಪೂರ್ಣ ಆಗುತ್ತೆ, ಯಾಕಂದ್ರೆ ಸಮಾಜಕ್ಕೆ ತಲುಪಿಸೋದು ಅಂದ ತಕ್ಷಣ ಈಗ ಬಹಳ ಜನ ಸ್ಟಾರ್ಟಪ್ಪು, ಲೈಸೆನ್ಸು ಅಂತ ಶುರು ಮಾಡ್ತಾರೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ಒಂದರಲ್ಲೇ ಎರಡೂ ಥರ ನೋಡ್ಬಹುದು. 1890ರಲ್ಲಿ ಅಲ್ಲಿನ ಸ್ಟೀಫನ್ ಬಾಬ್‌ಕಾಕ್ ಹಾಲಲ್ಲಿ ಕೊಬ್ಬು ಎಷ್ಟಿದೆ ಅಂತ ಅಳೆಯೋ ಸುಲಭದ ಪರೀಕ್ಷೆ ಕಂಡುಹಿಡಿದು ಪೇಟೆಂಟ್ ತಗೊಳ್ಳದೇ ಬಿಟ್ಟುಕೊಟ್ರು, ನೀರು ಬೆರೆಸೋರಿಗೂ ಒಳ್ಳೇ ಹಾಲು ಹಾಕೋರಿಗೂ ಒಂದೇ ರೇಟು ಸಿಗೋದು ನಿಂತ್ಹೋಯ್ತು. ಮುಂದೆ ಹ್ಯಾರಿ ಸ್ಟೀನ್‌ಬಾಕ್ ಆಹಾರದ ಮೇಲೆ ಅಲ್ಟ್ರಾವಯಲೆಟ್ ಬೆಳಕು ಬಿಟ್ಟು ವಿಟಮಿನ್ ಡಿ ಬರಿಸೋದು ಕಂಡುಹಿಡಿದ್ರು, ಪೇಟೆಂಟ್ ತಗೊಂಡ್ರು, ಅದನ್ನ ನೋಡ್ಕೊಳ್ಳೋಕೆ 1925ರಲ್ಲಿ ಒಂದು ಫೌಂಡೇಶನ್ನೇ ಆಯ್ತು, ಬಂದ ದುಡ್ಡು ಮತ್ತೆ ಸಂಶೋಧನೆಗೇ ಹೋಯ್ತು, ಅದೂ ಒಳ್ಳೇದೇ. ಆದ್ರೆ ಬೆಣ್ಣೆ ವ್ಯಾಪಾರಕ್ಕೆ ಹೊಡೆತ ಬೀಳುತ್ತೆ ಅಂತ ಮಾರ್ಗರೀನ್, ಅಂದ್ರೆ ಬೆಣ್ಣೆ ಬದಲು ಬಳಸೋ ಅಗ್ಗದ ಪದಾರ್ಥ, ಮಾಡೋರಿಗೆ ಲೈಸೆನ್ಸ್ ಕೊಡ್ಲಿಲ್ಲ. ಮಾರ್ಗರೀನ್ ತಿಂತಿದ್ದೋರು ಬಡವರು, ವಿಟಮಿನ್ ಡಿ ಸಾಲದೇ ಮೂಳೆ ಸೊಟ್ಟಗಾಗೋ ರಿಕೆಟ್ಸ್ ಬರ್ತಿದ್ದೂ ಬಡವರ ಮಕ್ಕಳಿಗೇ. 1940ರ ದಶಕದಲ್ಲಿ ಕೋರ್ಟು ಈ ವಿಷಯ ಎತ್ತಿ ಆಡಿ ಪೇಟೆಂಟನ್ನೇ ಅಸಿಂಧು ಅಂತು. ಇನ್ನೂ ಹತ್ತಿರದ್ದು ಬೇಕಂದ್ರೆ ಸ್ಟಾವುಡೈನ್ ಅನ್ನೋ ಎಚ್‌ಐವಿ ಔಷಧಿ, ಪೇಟೆಂಟ್ ಯೇಲ್ ವಿಶ್ವವಿದ್ಯಾಲಯದ್ದು, ಲೈಸೆನ್ಸ್ ಒಂದೇ ಕಂಪನಿಗೆ. 2001ರಲ್ಲಿ ದಕ್ಷಿಣ ಆಫ್ರಿಕಾದ ರೋಗಿಗಳಿಗೆ ಅಗ್ಗದ ಔಷಧಿ ಬೇಕು ಅಂತ ಕೇಳಿದಾಗ ವಿಶ್ವವಿದ್ಯಾಲಯದವರು ಮೊದಲು ನಮ್ಮ ಕೈಯಲ್ಲಿಲ್ಲ ಅಂದ್ರು. ಯೇಲ್ ವಿದ್ಯಾರ್ಥಿಗಳು ಗಲಾಟೆ ಎಬ್ಬಿಸಿದ್ರು, ಸಂಶೋಧನೆ ಮಾಡಿದ ವಿಲಿಯಂ ಪ್ರುಸಾಫ್ ಅವರೇ ವಿದ್ಯಾರ್ಥಿಗಳ ಕಡೆ ನಿಂತ್ರು, ಕೆಲವೇ ವಾರದಲ್ಲಿ ಕಂಪನಿ ಅಲ್ಲಿ ಪೇಟೆಂಟ್ ಚಲಾಯಿಸಲ್ಲ ಅಂತು. ಲೈಸೆನ್ಸ್ ಬರೆಯೋವಾಗಲೇ ಬಡ ದೇಶಗಳಿಗೆ ಅಂತ ಒಂದು ಷರತ್ತು ಸೇರಿಸಿದ್ರೆ ಈ ರಾದ್ಧಾಂತ ಇರ್ತಿರ್ಲಿಲ್ಲ.

ಪ್ರೊಫೆಸರ್‌ಗಳನ್ನ ಬೈಯೋದು ನನ್ನ ಉದ್ದೇಶ ಅಲ್ಲ. ಪ್ರಮೋಷನ್‌ಗೆ ಪೇಪರ್ ಎಣಿಸ್ತಾರೆ, ಹಾಗಾಗಿ ಪೇಪರ್ ಬರೀತಾರೆ. ಬ್ರಿಟನ್‌ನಲ್ಲಿ ವಿಶ್ವವಿದ್ಯಾಲಯಗಳ ಸಂಶೋಧನೆಯನ್ನ ಅಳೆಯೋ 2014ರ ಮೌಲ್ಯಮಾಪನದಿಂದ, ಸಂಶೋಧನೆಯಿಂದ ಸಮಾಜದ ಮೇಲೆ ಆದ ಪರಿಣಾಮಕ್ಕೂ 20 ಪರ್ಸೆಂಟ್ ತೂಕ ಕೊಟ್ರು, 2021ರಲ್ಲಿ ಅದು 25 ಆಯ್ತು, ಸರ್ಕಾರದ ದುಡ್ಡು ಅದರ ಮೇಲೆ ಹಂಚಿಕೆ ಆಗುತ್ತೆ. ಅದರಿಂದ ಪರಿಣಾಮದ ಕಥೆ ಚೆನ್ನಾಗಿ ಬರೆಯೋಕೆ ಅಂತಾನೇ ಜನ ಇಟ್ಕೊಳ್ಳೋ ಹೊಸ ನಾಟಕನೂ ಶುರುವಾಯ್ತು, ಅದೂ ನಿಜ. ಆದ್ರೂ ಎಣಿಸದೇ ಇರೋದಕ್ಕಿಂತ ಎಣಿಸೋದು ವಾಸಿ.

ನನ್ನ ಬೇಡಿಕೆ ದೊಡ್ಡದೇನಲ್ಲ. ಜನರಿಂದ ಮಾಹಿತಿನೋ ರಕ್ತನೋ ನೀರೋ ತಗೊಳ್ಳೋ ಯಾವ ಪ್ರಾಜೆಕ್ಟೇ ಇರ್ಲಿ, ಪ್ರೊಪೋಸಲ್ ಬರೆಯೋವಾಗಲೇ ವಾಪಸ್ ಹೋಗಿ ಹೇಳೋಕೆ ಎಷ್ಟು ದುಡ್ಡು, ಯಾರು, ಯಾವ ತಿಂಗಳು ಅಂತ ಬಜೆಟ್ಟಲ್ಲಿ ಪ್ರತ್ಯೇಕ ಬಾಬ್ತು ಇರ್ಲಿ, ಅದಿಲ್ದೇ ಇದ್ರೆ ಎಥಿಕ್ಸ್ ಕಮಿಟಿಯವರು ಪಾಸ್ ಮಾಡೋದು ಬೇಡ. ಕೊನೇ ಕಂತಿನ ಗ್ರ್ಯಾಂಟ್ ಅದಾದ ಮೇಲೇ ಬಿಡುಗಡೆ ಆಗ್ಲಿ, ಆಗ ನೋಡಿ ಎಲ್ಲರೂ ಎಷ್ಟು ಬೇಗ ಹೋಗ್ತಾರೆ. ಒಪ್ಪಿಗೆ ಪತ್ರದಲ್ಲಿ ಹಾಕೋ ಫೋನ್ ನಂಬರ್ ವಿಶ್ವವಿದ್ಯಾಲಯದ್ದೇ ಕಾಯಂ ನಂಬರ್ ಆಗಿರ್ಲಿ, ಯಾರ ಕಾಂಟ್ರ್ಯಾಕ್ಟ್ ಮುಗಿದ್ರೂ ಇನ್ನೊಬ್ಬರು ಎತ್ಕೊಂಡು ಉತ್ತರ ಹೇಳೋ ಹಾಗೆ. ಇದನ್ನ ಓದೋ ಪ್ರೊಫೆಸರ್‌ಗಳು, ಎಥಿಕ್ಸ್ ಕಮಿಟಿಯಲ್ಲಿ ಇರೋರು ಯಾರಾದ್ರೂ ಇದು ಯಾಕೆ ಆಗಲ್ಲ ಅಂತ ಬರೆದು ಕಳಿಸಿದ್ರೆ ದಯವಿಟ್ಟು ಇದೇ ಜಾಗದಲ್ಲಿ ಪ್ರಕಟಿಸಿ.

ಇತಿ,
ನಿಮ್ಮ ಪತ್ರಿಕೆಯ ಓದುಗ